ಒಂದು ವರ್ಷ, ಹನ್ನೆರಡು ಕ್ಯಾಲ್ಕುಲೇಟರ್: ಹೈಸ್ಕೂಲ್ ಗಣಿತಕ್ಕೆ ಕ್ಯಾಸಿಯೊ 991ಇಎಸ್ ಪ್ಲಸ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ಇದು ಎಂಜಿನಿಯರಿಂಗ್ ಓದುವವರಿಗಾಗಿ ಬರೆದ ರಿವ್ಯೂ ಅಲ್ಲ. ಅವರಿಗೆ ಯಾವ ಕ್ಯಾಲ್ಕುಲೇಟರ್ ತಗೋಬೇಕು ಅಂತ ಸೀನಿಯರ್‌ಗಳೇ ಹೇಳುತ್ತಾರೆ. ನಾನು ತಿಪಟೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಹೋದ ವರ್ಷ ಜೂನ್‌ನಲ್ಲಿ ಹಳೆ ವಿದ್ಯಾರ್ಥಿಗಳು ಕೆಲವರು ಸ್ಕೂಲಿಗೆ ಬಂದು "ಮಿಸ್, ಏನಾದರೂ ಕೊಡಿಸೋಣ ಅಂತಿದ್ದೀವಿ, ಏನು ಬೇಕು ಹೇಳಿ" ಎಂದರು. ಒಬ್ಬರು ಬೀರು ಎಂದರು, ಇನ್ನೊಬ್ಬರು ನೀರಿನ ಫಿಲ್ಟರ್ ಎಂದರು. ನಾನು ಕ್ಯಾಲ್ಕುಲೇಟರ್ ಕೇಳಿದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಂದು ಸಲ ನನ್ನ ಮುಖ ನೋಡಿದರು. "ಮಗ್ಗಿನೇ ಸರಿಯಾಗಿ ಬರಲ್ಲ, ಇನ್ನು ಕೈಗೆ ಕ್ಯಾಲ್ಕುಲೇಟರ್ ಬೇರೆ ಕೊಡ್ತೀರಾ?" ಎಂದು ಕೇಳಿದವರೂ ಇದ್ದರು. ಆ ಮಾತನ್ನು ನಾನು ತಳ್ಳಿಹಾಕಲಿಲ್ಲ, ಅದರಲ್ಲಿ ನಿಜವಾದ ಭಯ ಇದೆ. ಆದರೂ ಕೇಳಿದೆ. ಹನ್ನೆರಡು ಬಂದವು.

ಯಾವ ಮಾಡೆಲ್ ಅನ್ನುವುದಕ್ಕೆ ಸ್ವಲ್ಪ ಹುಡುಕಾಡಿದೆ. ಕ್ಯಾಸಿಯೊದ 82ಎಂಎಸ್ ಕಡಿಮೆ ಬೆಲೆಯದು, ಗಟ್ಟಿ, ಐಎಸ್‌ಸಿ ಬೋರ್ಡಿನ ಹನ್ನೆರಡನೇ ಕ್ಲಾಸಿನ ಪರೀಕ್ಷೆಗೂ ಅದನ್ನೇ ಒಯ್ಯಲು ಬಿಡುತ್ತಾರೆ. ಆದರೆ ಅದರಲ್ಲಿ ಭಿನ್ನರಾಶಿ ನಾವು ಬೋರ್ಡ್ ಮೇಲೆ ಬರೆಯುವ ಹಾಗೆ ಕಾಣುವುದಿಲ್ಲ. ಮೂರು, ಆಮೇಲೆ ಒಂದು ಮೂಲೆಯ ಗೀಟು, ಆಮೇಲೆ ಐದು, ಹೀಗೆ ಒಂದೇ ಸಾಲಿನಲ್ಲಿ ಮಲಗಿರುತ್ತದೆ. ಭಿನ್ನರಾಶಿ ಕಂಡರೆ ಹೆದರುವ ಮಗುವಿಗೆ ಹೊಸದೊಂದು ಚಿಹ್ನೆ ಕಲಿಸುವುದು ಬೇಡ ಅನ್ನಿಸಿತು. 991ಇಎಸ್ ಪ್ಲಸ್‌ನಲ್ಲಿ ಅಂಶ ಮೇಲೆ, ಛೇದ ಕೆಳಗೆ, ಮಧ್ಯದಲ್ಲಿ ಗೆರೆ. ವರ್ಗಮೂಲದ ಚಿಹ್ನೆಯೂ ಪುಸ್ತಕದಲ್ಲಿ ಇರುವಂತೆಯೇ ಇರುತ್ತದೆ. ಡಬ್ಬದ ಮೇಲೆ 417 ಫಂಕ್ಷನ್ ಅಂತ ಬರೆದಿದೆ. ನಮಗೆ ಹೈಸ್ಕೂಲಿನಲ್ಲಿ ಬೇಕಾಗುವುದು ಅದರಲ್ಲಿ ಇಪ್ಪತ್ತೋ ಮೂವತ್ತೋ ಇರಬಹುದು. ನಾನು ದುಡ್ಡು ಹಾಕಿಸಿದ್ದು ಆ ಡಿಸ್‌ಪ್ಲೇಗೆ.

ಹತ್ತನೇ ಕ್ಲಾಸಿನಲ್ಲಿ ಮೂವತ್ತಾರು ಮಕ್ಕಳು. ಮೂವರಿಗೆ ಒಂದು. ಶುರುವಿನಲ್ಲಿ ಕಡಿಮೆ ಆಯಿತಲ್ಲ ಅಂತ ಬೇಜಾರಿತ್ತು, ಈಗ ನಲವತ್ತು ಕೊಡುತ್ತೇವೆ ಅಂದರೂ ನಾನು ಬೇಡ ಅನ್ನುತ್ತೇನೆ. ಯಾಕೆಂದರೆ ಮೂವರಿದ್ದಾಗ ಒಬ್ಬರು ಒತ್ತಬೇಕು, ಒಬ್ಬರು ಬರೆದುಕೊಳ್ಳಬೇಕು, ಇನ್ನೊಬ್ಬರು ಉತ್ತರ ಎಷ್ಟಿರಬಹುದು ಅಂತ ಒತ್ತುವುದಕ್ಕೆ ಮುಂಚೆಯೇ ಹೇಳಬೇಕು. ಪ್ರತಿ ಲೆಕ್ಕಕ್ಕೂ ಜಾಗ ಬದಲು. "ಮೊದಲು ಬಾಯಿ, ಆಮೇಲೆ ಬೆರಳು" ಅಂತ ಬೋರ್ಡಿನ ಮೂಲೆಯಲ್ಲಿ ಬರೆದದ್ದನ್ನು ವರ್ಷಪೂರ್ತಿ ಅಳಿಸಲಿಲ್ಲ. ಕ್ಯಾಲ್ಕುಲೇಟರಿನಿಂದ ಮಕ್ಕಳು ಕೆಡುತ್ತಾರಾ ಅಂತ ಕೇಳುವವರಿಗೆಲ್ಲ ನನ್ನ ಉತ್ತರ ಇದೇ. ಅಂದಾಜು ಹೇಳದೆ ಒತ್ತಿದರೆ ಕೆಡುತ್ತಾರೆ. ಅಂದಾಜು ಹೇಳಿ ಒತ್ತಿದರೆ ಅವರ ಲೆಕ್ಕದ ಬುದ್ಧಿ ಚುರುಕಾಗುತ್ತದೆ, ನಾನು ಕಣ್ಣಾರೆ ನೋಡಿದ್ದೇನೆ.

ಮೊದಲ ದಿನ ನಡೆದದ್ದು ಹೇಳಬೇಕು. ಒಬ್ಬ ಹುಡುಗ ಅವರ ಅಪ್ಪನ ದಿನಸಿ ಅಂಗಡಿಯ ದೊಡ್ಡ ಕ್ಯಾಲ್ಕುಲೇಟರ್ ತಂದಿದ್ದ, ಹೋಲಿಸಿ ನೋಡಲು ನಾನೇ ತರಲು ಹೇಳಿದ್ದೆ. 2 + 3 × 4 ಒತ್ತಿ ಎಂದೆ. ಅಂಗಡಿಯದು 20 ಅಂದಿತು, ನಮ್ಮದು 14 ಅಂದಿತು. ಕ್ಲಾಸಿನಲ್ಲಿ ಗಲಾಟೆಯೋ ಗಲಾಟೆ. "ಮಿಸ್, ನಿಮ್ಮ ಹೊಸದೇ ಕೆಟ್ಟೋಗಿದೆ, ನಮ್ಮಪ್ಪ ಇದರಲ್ಲೇ ದಿನಾ ಲೆಕ್ಕ ಹಾಕೋದು, ಒಂದು ದಿನಾನೂ ತಪ್ಪಿಲ್ಲ" ಅಂತ ಅವನು. ಅವನು ಹೇಳಿದ್ದು ಸರಿ, ಆ ಯಂತ್ರ ತಪ್ಪಿಲ್ಲ. ಅದು ಒತ್ತಿದ ಕ್ರಮದಲ್ಲೇ ಲೆಕ್ಕ ಮಾಡುತ್ತಾ ಹೋಗುತ್ತದೆ, 2 ಕ್ಕೆ 3 ಕೂಡಿಸಿ 5, ಆಮೇಲೆ 4 ರಿಂದ ಗುಣಿಸಿ 20. ಸೈಂಟಿಫಿಕ್ ಕ್ಯಾಲ್ಕುಲೇಟರ್ ಇಡೀ ಸಾಲನ್ನು ಓದಿಕೊಂಡು ಗುಣಾಕಾರ ಮೊದಲು ಮಾಡುತ್ತದೆ. ಗುಣಾಕಾರ ಮೊದಲು, ಕೂಡುವುದು ಆಮೇಲೆ ಅನ್ನುವ ನಿಯಮವನ್ನು ಈ ಮಕ್ಕಳು ಆರನೇ ಕ್ಲಾಸಿನಿಂದ ಬಾಯಿಪಾಠ ಹೇಳುತ್ತಾ ಬಂದಿದ್ದಾರೆ. ಅದು ಯಾಕೆ ಬೇಕು ಅಂತ ಅವತ್ತು ಮೊದಲ ಸಲ ಜಗಳ ಆಡಿಕೊಂಡು ತಿಳಿದುಕೊಂಡರು. ಕೊನೆಗೆ ಅಂಗಡಿಯ ಹುಡುಗನೇ, ಎರಡು ಸಾಮಾನಿನ ಬಿಲ್ ಹಾಕುವಾಗ ಅವರಪ್ಪ ಎಂ-ಪ್ಲಸ್ ಕೀ ಯಾಕೆ ಒತ್ತುತ್ತಾರೆ ಅಂತ ಎದ್ದು ನಿಂತು ವಿವರಿಸಿದ. ಒಂದೊಂದು ಗುಣಾಕಾರವನ್ನೂ ಬೇರೆ ಬೇರೆ ಮಾಡಿ ಮೆಮೊರಿಗೆ ಸೇರಿಸುತ್ತಾರೆ, ಅದಕ್ಕೇ ತಪ್ಪಾಗುವುದಿಲ್ಲ. ನಾನು ಹೇಳಿಕೊಟ್ಟಿದ್ದರೂ ಅಷ್ಟು ಚೆನ್ನಾಗಿ ಆಗುತ್ತಿರಲಿಲ್ಲ.

ಹಾಗಾಗಿ ನನ್ನ ಮೊದಲ ಸಲಹೆ, ಸೈಂಟಿಫಿಕ್ ಒಂದನ್ನೇ ತಂದಿಡಬೇಡಿ. ಪಕ್ಕದಲ್ಲಿ ಅಂಗಡಿ ಕ್ಯಾಲ್ಕುಲೇಟರ್ ಒಂದೆರಡು ಇರಲಿ. ಎರಡೂ ಬೇರೆ ಬೇರೆ ಉತ್ತರ ಕೊಡುವ ಜಾಗಗಳಲ್ಲೇ ಒಳ್ಳೆ ಪಾಠ ಸಿಗುತ್ತದೆ. 500 + 10% ಒತ್ತಿ ನೋಡಿ. ನನ್ನ ಫೋನಿನಲ್ಲಿ 550 ಬರುತ್ತದೆ. 991 ರಲ್ಲಿ 500.1 ಬರುತ್ತದೆ, ಯಾಕೆಂದರೆ ಅದಕ್ಕೆ 10% ಅಂದರೆ 0.1 ಅಷ್ಟೇ, "ಯಾವುದರ 10%" ಅಂತ ನಾವೇ ಹೇಳಬೇಕು. ಶೇಕಡಾ ಅಂದರೆ ಯಾವಾಗಲೂ ಯಾವುದೋ ಒಂದರ ಶೇಕಡಾ ಅಂತ ನಾನು ಹತ್ತು ವರ್ಷದಿಂದ ಬೋರ್ಡಿನ ಮುಂದೆ ಕೂಗುತ್ತಿದ್ದೇನೆ. ಈ 500.1 ಅದನ್ನು ಎರಡು ನಿಮಿಷದಲ್ಲಿ ಹೇಳಿತು.

ಅಂಗಡಿ ಕ್ಯಾಲ್ಕುಲೇಟರಿನಲ್ಲಿ ಇನ್ನೊಂದು ಇದೆ. ಎಂಟು ಅಂಕಿಯದಾದರೆ 2 ರ ವರ್ಗಮೂಲ 1.4142135 ಅಂತ ತೋರಿಸುತ್ತದೆ. ಅದನ್ನು ಅದರಿಂದಲೇ ಗುಣಿಸಿದರೆ 2 ಬರಬೇಕಲ್ವಾ? 1.9999998 ಬರುತ್ತದೆ. 12 ಅಂಕಿಯದರಲ್ಲಿ 1.99999999999. ಎಷ್ಟು ಅಂಕಿ ಜಾಸ್ತಿ ಕೊಟ್ಟರೂ 2 ಮುಟ್ಟುವುದಿಲ್ಲ. 2 ರ ವರ್ಗಮೂಲ ಅಭಾಗಲಬ್ಧ, ಅಂದರೆ ಅದನ್ನು ಭಿನ್ನರಾಶಿಯಾಗಿ ಬರೆಯಲು ಆಗುವುದಿಲ್ಲ ಅನ್ನುವ ಸಾಧನೆ ಹತ್ತನೇ ಕ್ಲಾಸಿನ ಪುಸ್ತಕದಲ್ಲಿದೆ, ಪರೀಕ್ಷೆಗೂ ಕೇಳುತ್ತಾರೆ, ಮಕ್ಕಳು ಸಾಲು ಸಾಲು ಉರುಹೊಡೆಯುತ್ತಾರೆ. ಆ ಸಾಧನೆ ಬರೆಯುವುದಕ್ಕೆ ಮುಂಚೆ ಹತ್ತು ನಿಮಿಷ ಹೀಗೆ ಒತ್ತಿಸಿದರೆ, ಇದನ್ನು ಸಾಧಿಸಬೇಕು ಅನ್ನುವ ಹಂಬಲ ಅವರಿಗೇ ಹುಟ್ಟುತ್ತದೆ. ಯಂತ್ರ ಏನನ್ನೂ ಸಾಧಿಸಿಕೊಡುವುದಿಲ್ಲ, ಅದನ್ನೂ ಅವತ್ತೇ ಹೇಳಬೇಕು.

ಈಗ 991 ಇಎಸ್ ಪ್ಲಸ್ ವಿಷಯಕ್ಕೆ ಬರೋಣ. ಇದರಲ್ಲಿ ನನಗೆ ತುಂಬಾ ಇಷ್ಟವಾದ ಕೀ ಅಂದರೆ ಎಸ್-ಡಿ ಕೀ. ಉತ್ತರ ಭಿನ್ನರಾಶಿಯಲ್ಲೋ ಕರಣಿಯಲ್ಲೋ (√2 ಥರ ಮೂಲದ ಚಿಹ್ನೆ ಇರುವ ಸಂಖ್ಯೆ) ಇರುತ್ತದೆ, ಈ ಕೀ ಒತ್ತಿದರೆ ದಶಮಾಂಶ, ಮತ್ತೆ ಒತ್ತಿದರೆ ವಾಪಸ್. ಕರಣಿ ಪಾಠದ ದಿನ ನಾನು ಏನೂ ಹೇಳದೆ √8, √18, √32, √50 ಒತ್ತಿ ಬರೆದುಕೊಳ್ಳಿ ಎಂದೆ. 2√2, 3√2, 4√2, 5√2 ಅಂತ ಬಂತು. ಮುಂದಿನದು 6√2 ಬರಬೇಕಾದರೆ ಒಳಗೆ ಏನು ಹಾಕಬೇಕು, ಒತ್ತದೆ ಹೇಳಿ ಎಂದೆ. ಹಿಂದಿನ ಬೆಂಚಿನಲ್ಲಿ ಯಾವಾಗಲೂ ಕಿಟಕಿ ಕಡೆ ನೋಡುವ ಹುಡುಗಿ ಒಬ್ಬಳು 72 ಎಂದಳು. ಹೇಗೆ ಅಂದರೆ "ಆರಾರ್ಲ ಮೂವತ್ತಾರು, ಅದರ ಎರಡರಷ್ಟು" ಎಂದಳು. ಅಲ್ಲಿಗೆ ಪಾಠ ಮುಗಿಯಿತು. 98, 128, 162 ಅಂತ ಅವರೇ ಕೂಗಿಕೊಂಡು ಹೋದರು, ಒತ್ತುವುದನ್ನೇ ಮರೆತರು. ಮಗ್ಗಿ ಬರದ ಮಕ್ಕಳು ಮಗ್ಗಿ ಪುಸ್ತಕ ತೆಗೆದು ನೋಡುತ್ತಿದ್ದರು. ಕ್ಯಾಲ್ಕುಲೇಟರ್ ಕೈಯಲ್ಲಿದ್ದಾಗಲೇ ಮಗ್ಗಿ ಬೇಕು ಅನ್ನಿಸಿದ್ದು ನನಗೆ ದೊಡ್ಡ ಸಮಾಧಾನ.

ತ್ರಿಕೋನಮಿತಿಯಲ್ಲಿ ಇದು ಇನ್ನೂ ಚೆನ್ನ. ಸೈನ್ 45 ಒತ್ತಿದರೆ √2 ಬೈ 2 ಅಂತ ಬರುತ್ತದೆ, ನಮ್ಮ ಕೋಷ್ಟಕದಲ್ಲಿ 1 ಬೈ √2 ಇದೆ. ಎರಡೂ ಒಂದೇನಾ ಅಂತ ಮಕ್ಕಳೇ ಕೇಳಿದರು, ಒಂಬತ್ತನೇ ಕ್ಲಾಸಿನ ಅಕರಣೀಕರಣ, ಅಂದರೆ ಛೇದದಲ್ಲಿರುವ ಕರಣಿ ತೆಗೆಯುವುದನ್ನು, ಮತ್ತೆ ನೆನಪಿಸಿಕೊಂಡರು. ಆದರೆ ನಾನು ಹೇಳಬೇಕು ಅಂದುಕೊಂಡಿರುವುದು ಟ್ಯಾನ್ 90 ರ ಕತೆ. ಪುಸ್ತಕದ ಕೋಷ್ಟಕದಲ್ಲಿ ಆ ಜಾಗದಲ್ಲಿ "ವ್ಯಾಖ್ಯಾನಿಸಿಲ್ಲ" ಅಂತಿದೆ. ಒತ್ತಿದರೆ ಮ್ಯಾತ್ ಎರರ್. ಸರಿ, 90 ಬೇಡ, ಅದರ ಹತ್ತಿರ ಹೋಗಿ ಎಂದೆ. 89.9 ಕ್ಕೆ 572.957 ಚಿಲ್ಲರೆ. 89.99 ಕ್ಕೆ 5729.577 ಚಿಲ್ಲರೆ. 89.999 ಕ್ಕೆ 57295.779 ಚಿಲ್ಲರೆ. ಒಂದು 9 ಸೇರಿಸಿದಾಗೆಲ್ಲ ಹತ್ತರಷ್ಟು ಏರುತ್ತಿದೆ, ಎಲ್ಲಿ ನಿಲ್ಲುತ್ತದೆ ಅಂತ ಒತ್ತುತ್ತಲೇ ಇದ್ದರು. "ವ್ಯಾಖ್ಯಾನಿಸಿಲ್ಲ" ಅಂದರೆ ಏನು ಅಂತ ನಾನು ವಿವರಿಸಲೇ ಇಲ್ಲ. ಆಗ ಒಬ್ಬ ಹುಡುಗ ಕೈ ಎತ್ತಿ "ಮಿಸ್, ಎಲ್ಲದರಲ್ಲೂ ಅದೇ 57295 ಬರ್ತಿದೆಯಲ್ಲ, ಯಾಕೆ?" ಎಂದ.

ನಾನು ಇಷ್ಟು ವರ್ಷ ಆ ಕೋಷ್ಟಕ ಬರೆಸಿದ್ದೇನೆ, ಆ ಪ್ರಶ್ನೆ ನನಗೇ ಹೊಳೆದಿರಲಿಲ್ಲ. ಸ್ವಲ್ಪ ಹೊತ್ತು ಯೋಚನೆ ಮಾಡಿ, 180 ನ್ನು ಪೈಯಿಂದ ಭಾಗಿಸು ಎಂದೆ. 57.29577951 ಬಂತು. ಆ ಹುಡುಗನ ಮುಖ ನೋಡಬೇಕಿತ್ತು. ಕೋನ ಅಳೆಯಲು ಡಿಗ್ರಿಯಂತೆಯೇ ರೇಡಿಯನ್ ಅಂತ ಇನ್ನೊಂದು ಮಾನ ಇದೆ, ಅದು ಒಂದು ರೇಡಿಯನ್ನಿನಲ್ಲಿ ಎಷ್ಟು ಡಿಗ್ರಿ ಅನ್ನುವ ಸಂಖ್ಯೆ. ಕೋನ 90 ರ ಹತ್ತಿರ ಹೋದಂತೆ ಉಳಿದ ಚೂರು ಕೋನ ತೀರಾ ಸಣ್ಣದಾಗುತ್ತದೆ, ನಾವು ಒತ್ತುವ ಟ್ಯಾನ್ ಅಂದರೆ 1 ನ್ನು ಆ ಚೂರು ಕೋನದ ಟ್ಯಾನಿನಿಂದ ಭಾಗಿಸಿದ್ದು, ಅಷ್ಟು ಸಣ್ಣ ಕೋನಕ್ಕೆ ಟ್ಯಾನ್ ಅನ್ನುವುದೂ ರೇಡಿಯನ್ನಿನಲ್ಲಿ ಅಳೆದ ಕೋನವೂ ಹೆಚ್ಚುಕಡಿಮೆ ಒಂದೇ, ಅದಕ್ಕೇ ಆ ಅಂಕಿಗಳು ಹೀಗೆ ಇಣುಕುತ್ತವೆ. ರೇಡಿಯನ್ ನಮ್ಮ ಹತ್ತನೇ ಕ್ಲಾಸಿಗೆ ಇಲ್ಲ, ಪಿಯುಸಿಗೆ ಬರುತ್ತದೆ. ಇದು ಪಿಯುಸಿಯಲ್ಲಿ ನಿನಗೆ ಮತ್ತೆ ಸಿಗುತ್ತದೆ ನೋಡು ಎಂದೆ. ಅವನು ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡ.

ಇದೇ ರೇಡಿಯನ್ ಈ ಯಂತ್ರದ ದೊಡ್ಡ ತಲೆನೋವೂ ಹೌದು. ಮೂವರು ಮೂವರು ಕೈ ಬದಲಾಯಿಸುವಾಗ ಯಾರೋ ಸೆಟಪ್ ಬದಲಾಯಿಸಿಬಿಡುತ್ತಾರೆ. ಸೈನ್ 30 ಕ್ಕೆ ಅರ್ಧ ಬರುವ ಬದಲು ಮೈನಸ್ 0.988 ಚಿಲ್ಲರೆ ಬಂದರೆ ರೇಡಿಯನ್ನಿನಲ್ಲಿದೆ ಅಂತ ಅರ್ಥ, 0.4539 ಚಿಲ್ಲರೆ ಬಂದರೆ ಗ್ರೇಡ್ ಅನ್ನುವ ಮೂರನೇ ಮಾನದಲ್ಲಿದೆ. ಡಿಗ್ರಿಯಲ್ಲಿದ್ದರೆ ಸ್ಕ್ರೀನಿನ ಮೇಲ್ಭಾಗದಲ್ಲಿ ಡಿ ಅನ್ನುವ ಇಂಗ್ಲಿಷ್ ಅಕ್ಷರ ತೋರಿಸುತ್ತದೆ, ಆದರೆ ಅದು ಇರುವೆಯಷ್ಟು ಸಣ್ಣದು. ಕ್ಯಾಸಿಯೊದವರು ಶಾಲೆಗೆ ಅಂತ ಮಾರುವ ಯಂತ್ರದಲ್ಲಿ ಇದನ್ನು ಇನ್ನೂ ದಪ್ಪಗೆ ತೋರಿಸಬೇಕಿತ್ತು. ಶಿಫ್ಟ್, ಮೋಡ್, 3 ಒತ್ತಿದರೆ ಡಿಗ್ರಿಗೆ ಬರುತ್ತದೆ. ಅದಕ್ಕಿಂತ ಸುಲಭ, ಪೀರಿಯಡ್ ಶುರುವಾದ ತಕ್ಷಣ ಎಲ್ಲರೂ ಶಿಫ್ಟ್, 9, 3, ಆಮೇಲೆ ಸಮ ಚಿಹ್ನೆ, ಎಸಿ ಒತ್ತಿ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರುವುದು. ನಮ್ಮಲ್ಲಿ ಹಾಜರಿ ಕೂಗುವಷ್ಟರಲ್ಲಿ ಇದು ಆಗಿಹೋಗುತ್ತದೆ.

ಇನ್ನೊಂದು ತೊಂದರೆ ಭಿನ್ನರಾಶಿಯದೇ. ಮಕ್ಕಳಿಗೆ ಕ್ಯಾಲ್ಕುಲೇಟರ್ ಅಂದರೆ ದಶಮಾಂಶ ಬರಬೇಕು ಅಂತ ಮನಸ್ಸಿನಲ್ಲಿರುತ್ತದೆ. 22 ಭಾಗಿಸು 7 ಒತ್ತಿದರೆ 22 ಬೈ 7 ಅಂತಲೇ ತೋರಿಸಿದಾಗ "ಇದು ಉತ್ತರನೇ ಕೊಡ್ತಿಲ್ಲ ಮಿಸ್" ಎಂದರು. ಎಸ್-ಡಿ ಒತ್ತಿದರೆ 3.142857143. ಪೈ ಕೀಗೆ ಹಾಗೆಯೇ ಮಾಡಿದರೆ 3.141592654. ಪೈ ಅಂದರೆ 22/7 ಅಂತ ಏಳನೇ ಕ್ಲಾಸಿನಿಂದ ನಂಬಿಕೊಂಡು ಬಂದ ಮಕ್ಕಳು, ಮೂರನೇ ದಶಮಾಂಶದಲ್ಲೇ ಬೇರೆಯಾಗಿದ್ದು ನೋಡಿ ನನಗೇ ಮೋಸ ಮಾಡಿದ್ದೀರಿ ಅನ್ನುವ ಹಾಗೆ ನೋಡಿದರು. 355 ಭಾಗಿಸು 113 ಒತ್ತಿಸಿದೆ, ಆರು ದಶಮಾಂಶದವರೆಗೂ ಸರಿಹೊಂದಿತು. ಆರ್ಯಭಟ ಹೇಳಿದ 62832 ಭಾಗಿಸು 20000 ವನ್ನೂ ಒತ್ತಿದೆವು, 3.1416. ಯಾವ ಯಂತ್ರವೂ ಇಲ್ಲದೆ ಅಷ್ಟು ಹತ್ತಿರ ಹೋಗಿದ್ದರಲ್ಲ ಅಂತ ಕ್ಲಾಸು ಒಂದು ಗಳಿಗೆ ಮೌನವಾಯಿತು.

ನಿಜವಾಗಿ ನನಗೆ ಸರಿಬರದ ಭಾಗ ಅಂದರೆ ಮೋಡ್ 5, ಸಮೀಕರಣ ಬಿಡಿಸುವ ಮೋಡ್. ಎರಡು ಅವ್ಯಕ್ತಗಳ ಸಮೀಕರಣ, ವರ್ಗ ಸಮೀಕರಣ, ಎಲ್ಲದಕ್ಕೂ ಸಹಗುಣಕ ತುಂಬಿಸಿದರೆ ಸಾಕು, ಉತ್ತರ ಬಂದುಬಿಡುತ್ತದೆ. ಹತ್ತನೇ ಕ್ಲಾಸಿನ ಎರಡು ಪೂರ್ತಿ ಅಧ್ಯಾಯ ಅದರೊಳಗಿದೆ. ಇದನ್ನು ಬಂದ್ ಮಾಡುವ ದಾರಿ ಟೀಚರಿಗೆ ಇಲ್ಲ. ಆಗಸ್ಟ್ ಹೊತ್ತಿಗೆ ಹುಡುಗರು ಅದನ್ನು ಕಂಡುಹಿಡಿದರು, ಹೋಂವರ್ಕಿನಲ್ಲಿ ಬರೀ ಉತ್ತರ ಬರತೊಡಗಿತು. ಬೈಯಲಿಲ್ಲ. ಮಾರನೇ ದಿನ ಪ್ರಶ್ನೆ ತಿರುಗಿಸಿದೆ. ಮೂಲಗಳು 2 ಮತ್ತು 3 ಬರುವ ಸಮೀಕರಣ ನೀವು ಮಾಡಿ, ಸರಿಯೋ ತಪ್ಪೋ ಯಂತ್ರ ಹೇಳಲಿ. ಮೂಲಗಳೇ ಇಲ್ಲದ ಸಮೀಕರಣ ಮಾಡಿ. ಇಲ್ಲಿ ಒಂದು ಎಚ್ಚರಿಕೆ, ಶೋಧಕ (ಸೂತ್ರದಲ್ಲಿ ವರ್ಗಮೂಲದ ಒಳಗೆ ಬರುವ ಭಾಗ) ಋಣವಾದರೆ ಈ ಯಂತ್ರ "ಮೂಲ ಇಲ್ಲ" ಅನ್ನುವುದಿಲ್ಲ, ಐ ಅನ್ನುವ ಅಕ್ಷರ ಸೇರಿಸಿ ಸಂಮಿಶ್ರ ಸಂಖ್ಯೆಯಲ್ಲಿ ಉತ್ತರ ಕೊಡುತ್ತದೆ. ನಮ್ಮ ಪುಸ್ತಕ "ನೈಜ ಮೂಲಗಳಿಲ್ಲ" ಅನ್ನುತ್ತದೆ. ಆ "ನೈಜ" ಅನ್ನುವ ಪದ ಯಾಕಿದೆ ಅಂತ ಹೇಳಲು ನನಗೆ ಒಳ್ಳೆ ಅವಕಾಶ ಸಿಕ್ಕಿತು, ಆದರೆ ತಯಾರಿ ಇಲ್ಲದೆ ಹೋದರೆ ಟೀಚರ್ ಸಿಕ್ಕಿಹಾಕಿಕೊಳ್ಳುತ್ತಾರೆ. ಪರಿಹಾರ ಕಂಡುಕೊಂಡೆ ನಿಜ, ಆದರೂ ಮನೆಗೆ ಒಯ್ಯಲು ಕೊಡುವುದನ್ನು ಅವತ್ತಿಂದ ನಿಲ್ಲಿಸಿದೆ. ಬೀರುವಿನಲ್ಲೇ ಇರುತ್ತವೆ.

ಸಂಖ್ಯಾಶಾಸ್ತ್ರದ ಪಾಠಕ್ಕೆ ಮನೆಯಿಂದ ಡೇರಿ ಪಾಸ್‌ಬುಕ್ ತರಿಸಿದೆ. ಹದಿನೈದು ದಿನ ಹಾಕಿದ ಹಾಲಿನ ಲೀಟರ್, 6.3, 5.8, 6.1, ಹೀಗೆ. ಪುಸ್ತಕದ ಲೆಕ್ಕದಲ್ಲಿ ಅಂಕಿಗಳು ಯಾವಾಗಲೂ ನಯವಾಗಿರುತ್ತವೆ, ಕೈಯಲ್ಲಿ ಮಾಡಲಿ ಅಂತ ಹಾಗೆ ಇಟ್ಟಿರುತ್ತಾರೆ. ಅಂದಾಜು ಸರಾಸರಿ ವಿಧಾನ, ಹಂತ ವಿಚಲನಾ ವಿಧಾನ ಎರಡೂ ಹುಟ್ಟಿದ್ದೇ ಕೈಕೆಲಸ ಹಗುರ ಮಾಡಲು. ಇದನ್ನು ಹೇಳಿದಾಗ ಮಕ್ಕಳಿಗೆ ಆ ವಿಧಾನಗಳ ಮೇಲೆ ಇದ್ದ ಸಿಟ್ಟು ಸ್ವಲ್ಪ ಇಳಿಯಿತು.

ಎಲ್ಲಕ್ಕಿಂತ ಮನಸ್ಸಿಗೆ ತಟ್ಟಿದ್ದು ಬಡ್ಡಿ ಲೆಕ್ಕ. ನಮ್ಮ ಕಡೆ ಕೈಸಾಲಕ್ಕೆ ನೂರಕ್ಕೆ ಮೂರು ರೂಪಾಯಿ ಅನ್ನುತ್ತಾರೆ, ತಿಂಗಳಿಗೆ. ಕೇಳಲು ಏನೂ ಅಲ್ಲ, ಮೂರೇ ರೂಪಾಯಿ. ಹತ್ತು ಸಾವಿರ ತಗೊಂಡು ಒಂದು ರೂಪಾಯಿಯೂ ಕಟ್ಟದೆ, ಬಡ್ಡಿಯೂ ಅಸಲಿಗೆ ಸೇರುತ್ತಾ ಹೋದರೆ ಎರಡು ವರ್ಷಕ್ಕೆ ಎಷ್ಟಾಗುತ್ತದೆ, ಮೊದಲು ಬಾಯಿ ಎಂದೆ. ಹದಿಮೂರು ಸಾವಿರ ಎಂದರು ಕೆಲವರು, ಹದಿನೇಳು ಎಂದರು ಕೆಲವರು. ಯಂತ್ರವನ್ನು ಲೈನ್ ಮೋಡಿಗೆ ಹಾಕಿಸಿದೆ, ಶಿಫ್ಟ್, ಮೋಡ್, 2, ಇಲ್ಲದಿದ್ದರೆ ಪೈಸೆಯನ್ನೂ ಭಿನ್ನರಾಶಿಯಲ್ಲೇ ತೋರಿಸುತ್ತದೆ. 10000 ಒತ್ತಿ ಸಮ ಚಿಹ್ನೆ, ಆಮೇಲೆ ಆನ್ಸರ್ ಕೀ ಗುಣಿಸು 1.03, ಇನ್ನು ಸಮ ಚಿಹ್ನೆ ಒಂದನ್ನೇ ಒತ್ತುತ್ತಾ ಹೋಗುವುದು, ಒಂದು ಒತ್ತಿಗೆ ಒಂದು ತಿಂಗಳು. 10300. 10609. 10927.27. ಒಬ್ಬಳು ತಿಂಗಳ ಹೆಸರು ಹೇಳುತ್ತಾ ಒತ್ತುತ್ತಿದ್ದಳು, ಜೂನ್, ಜುಲೈ, ಆಗಸ್ಟ್. ಹನ್ನೆರಡನೇ ಒತ್ತಿಗೆ 14257 ದಾಟಿತು. ಇಪ್ಪತ್ತನಾಲ್ಕನೇ ಒತ್ತಿಗೆ 20327. "ಡಬಲ್ ಆಯ್ತಲ್ಲ ಮಿಸ್" ಎಂದಳು, ದನಿ ಸಣ್ಣದಾಗಿತ್ತು. ಆಮೇಲೆ "ಒಂದೊಂದು ಸಲ ಒತ್ತಿದಾಗ ಏರೋದು ಜಾಸ್ತಿ ಆಗ್ತಾ ಹೋಗುತ್ತೆ" ಎಂದಳು. ಚಕ್ರಬಡ್ಡಿಯ ಸೂತ್ರ ಅವಳಿಗೆ ಎಂಟನೇ ಕ್ಲಾಸಿನಿಂದ ಗೊತ್ತು. ಅದರ ಏರುವ ಗತಿ ಬೆರಳಿಗೆ ತಿಳಿದದ್ದು ಅವತ್ತು. ಮಾರನೇ ದಿನ ಅವರಮ್ಮ ಸಂಘದ ಸಾಲದ ಚೀಟಿ ಕೊಟ್ಟು ಕಳಿಸಿದ್ದರು, "ಮಿಸ್ ಹತ್ರ ಲೆಕ್ಕ ಹಾಕಿಸ್ಕೊಂಡು ಬಾ" ಅಂತ. ನಾನು ಹಾಕಲಿಲ್ಲ, ಅವಳೇ ಹಾಕಿದಳು.

ಪೋಷಕರ ಸಭೆಯಲ್ಲಿ ಪ್ರಶ್ನೆ ಬಂದೇ ಬಂತು. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಬಿಡುವುದಿಲ್ಲ, ಮತ್ತೆ ಕ್ಲಾಸಿನಲ್ಲಿ ಯಾಕೆ? ಸರಿಯಾದ ಪ್ರಶ್ನೆ. ಸಿಬಿಎಸ್‌ಇ ಗಣಿತದಲ್ಲೂ ಬಿಡುವುದಿಲ್ಲ, ವಿಶೇಷ ಅಗತ್ಯವಿರುವ ಮಕ್ಕಳಿಗೆ ಮಾತ್ರ ಸಾದಾ ಕ್ಯಾಲ್ಕುಲೇಟರಿಗೆ ಅವಕಾಶ ಇದೆ. ಸಿಂಗಪುರದಲ್ಲಿ ಪ್ರಾಥಮಿಕ ಶಾಲೆಯ ಕೊನೆಯ ಪರೀಕ್ಷೆಯ ಒಂದು ಪತ್ರಿಕೆಗೆ 2009 ರಿಂದ ಬಿಡುತ್ತಿದ್ದಾರೆ. ಇಂಗ್ಲೆಂಡಿನಲ್ಲಿ ಹನ್ನೊಂದು ವರ್ಷದ ಮಕ್ಕಳ ಪರೀಕ್ಷೆಯಿಂದ 2014 ರಲ್ಲಿ ತೆಗೆದೇ ಹಾಕಿದರು. ಅಂದರೆ ದೊಡ್ಡ ದೊಡ್ಡ ದೇಶಗಳಲ್ಲೂ ಇದು ಮುಗಿದ ಮಾತಲ್ಲ. ಅಮೆರಿಕದಲ್ಲಿ ಹೆಂಬ್ರಿ ಮತ್ತು ಡೆಸಾರ್ಟ್ ಅನ್ನುವವರು 1986 ರಲ್ಲಿ 79 ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಮಾಮೂಲು ಪಾಠದ ಜೊತೆಗೆ ಬಳಸಿದರೆ ಕೈಲೆಕ್ಕ ಹಾಳಾಗುವುದಿಲ್ಲ, ನಾಲ್ಕನೇ ತರಗತಿಯಲ್ಲಿ ಮಾತ್ರ ತೊಂದರೆ ಕಂಡಿತು ಅಂದಿದ್ದರು. ನನ್ನ ಅನುಭವವೂ ಅದಕ್ಕೆ ಹೊಂದುತ್ತದೆ. ಮಗ್ಗಿ ಕೂರುವ ವಯಸ್ಸಿನಲ್ಲಿ ಇದು ಬೇಡವೇ ಬೇಡ. ಐದನೇ ಕ್ಲಾಸಿಗಿಂತ ಕೆಳಗೆ ಕೊಡಲು ನಾನು ಒಪ್ಪುವುದಿಲ್ಲ. ಹೈಸ್ಕೂಲಿಗೆ ಬಂದ ಮೇಲೆ ವಾರಕ್ಕೆ ಎರಡು ಪೀರಿಯಡ್ ಸಾಕು. ನಾವು ಡಿಸೆಂಬರ್ ಕೊನೆಗೆ ಬೀರುವಿಗೆ ಬೀಗ ಹಾಕಿದೆವು, ಆಮೇಲೆ ಪರೀಕ್ಷೆವರೆಗೂ ಬರೀ ಪೆನ್ನು ಪೇಪರು. ಮುಂದೆ ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರ ತಗೊಳ್ಳುವವರಿಗೆ ಪರೀಕ್ಷೆಯಲ್ಲೇ ಸೈಂಟಿಫಿಕ್ ಕ್ಯಾಲ್ಕುಲೇಟರ್ ಬಿಡುತ್ತಾರೆ. ಅಲ್ಲಿ ಮೊದಲ ಸಲ ಮುಟ್ಟಿ ತಡಬಡಾಯಿಸುವುದಕ್ಕಿಂತ ಇಲ್ಲೇ ಕೈ ಕೂರುವುದು ಒಳ್ಳೆಯದು ಅಂತ ಹೇಳಿದೆ, ಪೋಷಕರು ಒಪ್ಪಿದರು.

ಕೊಳ್ಳುವಾಗ ಒಂದು ಕಷ್ಟ ಅನುಭವಿಸಿದ್ದೇವೆ, ನೀವು ಅನುಭವಿಸಬೇಡಿ. ಹನ್ನೆರಡರಲ್ಲಿ ನಾಲ್ಕನ್ನು ಇನ್ನೂರು ರೂಪಾಯಿ ಕಡಿಮೆ ಅಂತ ಬೇರೆ ಅಂಗಡಿಯಲ್ಲಿ ಬಿಲ್ ಇಲ್ಲದೆ ತಂದೆವು. ನೋಡಲು ಒಂದೇ ಥರ. ದಸರಾ ರಜೆ ಹೊತ್ತಿಗೆ ಅದರ ಕೀಗಳ ಮೇಲಿನ ಅಂಕಿ ಅಳಿಸತೊಡಗಿತು, ಸಮ ಚಿಹ್ನೆಯನ್ನು ಎರಡು ಸಲ ಒತ್ತಿದರೆ ಒಂದು ಸಲ ತಗೊಳ್ಳುತ್ತಿತ್ತು. ವಾಪಸ್ ಒಯ್ದರೆ ನಮ್ಮ ಅಂಗಡಿಯದಲ್ಲ ಎಂದರು. ಬಡ್ಡಿ ಲೆಕ್ಕದಲ್ಲಿ ಇಪ್ಪತ್ತನಾಲ್ಕು ಸಲ ಸಮ ಚಿಹ್ನೆ ಒತ್ತಬೇಕಾದ ಮಕ್ಕಳಿಗೆ ಇದರಿಂದ ಎಷ್ಟು ಹಿಂಸೆ ಆಯಿತು ಅಂತ ನನಗೆ ಗೊತ್ತು. ಕ್ಯಾಸಿಯೊ ಹೆಸರಿನ ನಕಲು ಮಾಲು ಪೇಟೆಯಲ್ಲಿ ತುಂಬಾ ಇದೆ. ಬಿಲ್ ತಗೊಳ್ಳಿ, ವಾರಂಟಿ ಕಾರ್ಡಿಗೆ ಸೀಲ್ ಹಾಕಿಸಿ. ಉಳಿದ ಎಂಟು ಇವತ್ತಿಗೂ ಹೊಸದರಂತೆ ಇವೆ. ಮೇಲಿನ ಮುಚ್ಚಳ ಗಟ್ಟಿ, ಬೆಂಚಿನಿಂದ ಎಷ್ಟು ಸಲ ಬಿದ್ದಿವೆಯೋ ಲೆಕ್ಕವಿಲ್ಲ. ಸೋಲಾರ್ ಪಟ್ಟಿಯೂ ಬಟನ್ ಸೆಲ್ಲೂ ಎರಡೂ ಇರುವುದರಿಂದ ವರ್ಷವಿಡೀ ಒಂದು ಸೆಲ್ ಕೂಡ ಬದಲಾಯಿಸಿಲ್ಲ.

ಹೊಸ 991ಸಿಡಬ್ಲ್ಯೂ ಬಗ್ಗೆ ಕೇಳುತ್ತಾರೆ. ಸ್ಕ್ರೀನ್ ಇನ್ನೂ ಸ್ಪಷ್ಟ, ನಿಜ. ಆದರೆ ಕೀಗಳ ಜಾಗವೆಲ್ಲ ಬದಲಾಗಿದೆ, ನನ್ನ ಪ್ರೀತಿಯ ಎಸ್-ಡಿ ಕೀ ಇಲ್ಲ, ಅದರ ಬದಲು ಫಾರ್ಮ್ಯಾಟ್ ಅಂತ ಒಂದು ಕೀ ಒತ್ತಿ ಪಟ್ಟಿಯಿಂದ ಆರಿಸಬೇಕು. ಭಿನ್ನರಾಶಿ ದಶಮಾಂಶ, ಭಿನ್ನರಾಶಿ ದಶಮಾಂಶ ಅಂತ ಟಪಟಪ ಒತ್ತಿ ನೋಡುವ ಸುಖ ಅದರಲ್ಲಿ ಇಲ್ಲ. ಹೈಸ್ಕೂಲಿಗೆ ಹಳೆಯದೇ ಮೇಲು. ಆರರಿಂದ ಎಂಟನೇ ಕ್ಲಾಸಿಗೆ ಸೈಂಟಿಫಿಕ್ ಬೇಕಾಗಿಲ್ಲ, ಅಂಗಡಿಯ ಸಾದಾ ಕ್ಯಾಲ್ಕುಲೇಟರ್ ಸಾಕು. ಒಂದೇ ಮಗುವಿಗೆ ಮನೆಯಲ್ಲಿ ಕೊಡಿಸುವವರು 991 ಕೊಡಿಸುವ ಮುಂಚೆ ಆ ಮೋಡ್ 5 ನೆನಪಿಟ್ಟುಕೊಳ್ಳಿ, ಪಕ್ಕದಲ್ಲಿ ಕೂರಲು ನಿಮಗೆ ಪುರುಸೊತ್ತಿಲ್ಲ ಅಂದರೆ 82ಎಂಎಸ್ ಕೊಡಿಸಿ, ಅದರಲ್ಲಿ ಸಮೀಕರಣ ಬಿಡಿಸುವ ಮೋಡ್ ಇಲ್ಲ. ನಾನು 991 ಇಎಸ್ ಪ್ಲಸ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಅರ್ಧ ಕಳೆದದ್ದು ಆ ಸಣ್ಣ ಡಿ ಅಕ್ಷರಕ್ಕೆ, ಅರ್ಧ ಮೋಡ್ 5 ಕ್ಕೆ.

ಮಾರ್ಚ್‌ನಲ್ಲಿ ಡಬ್ಬ ಎತ್ತಿಡುವಾಗ ನೋಡಿದೆ, ಹತ್ತನೇ ಕ್ಲಾಸಿನವರು ಮುಚ್ಚಳದ ಒಳಗೆ ಒಂದು ಕಾಗದ ಅಂಟಿಸಿ ಹೋಗಿದ್ದರು. ಮುಂದಿನ ಬ್ಯಾಚಿಗೆ. "ಮೇಲೆ ಡಿ ಇದೆಯಾ ನೋಡಿ. ಏಳನೇ ನಂಬರಿನದರಲ್ಲಿ ಸಮ ಚಿಹ್ನೆ ಜೋರಾಗಿ ಒತ್ತಿ. ಟ್ಯಾನ್ 89.9999 ಒತ್ತಿ ನೋಡಿ, ಆಮೇಲೆ ಮಿಸ್‌ನ ಕೇಳಿ."